ಕ್ಷಮೆ ಕೇಳುವ ಕಕ್ಷಿದಾರ

ಕೋರ್ಟು ಬಿಟ್ಟರೆ ಇಂಥವು ನಿಲ್ಲುತ್ತವೆ ಎಂದುಕೊಂಡಿದ್ದೆ. ದೇಶ ಬಿಟ್ಟರೂ ನಿಲ್ಲಲಿಲ್ಲ.

ಇಪ್ಪತ್ತೆರಡು ವರ್ಷ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಆಗಿದ್ದೆ. ಆಮೇಲೆ ಬೆಂಗಳೂರಿನಲ್ಲಿ ಸಿವಿಲ್ ವಕೀಲಿಕೆ. ಈಗ ಐದು ವರ್ಷದಿಂದ ಕೋಬೆಯಲ್ಲಿದ್ದೇನೆ. ಭಾರತದ ಕೋರ್ಟುಗಳಲ್ಲಿ ಸಿಕ್ಕಿಕೊಂಡ ಜಪಾನಿ ಕಂಪನಿಗಳಿಗೆ ದಾರಿ ಹೇಳಲು ಇಲ್ಲಿನ ಒಂದು ವಕೀಲರ ಕಚೇರಿಗೆ ಹಳಬನೊಬ್ಬ ಬೇಕಿತ್ತು. ಬಂದೆ. ಊಟ, ನಡಿಗೆ, ನಿದ್ದೆ ಎಲ್ಲ ಚೆನ್ನಾಗಿದೆ. ತಕರಾರಿಲ್ಲ.

ಜಪಾನಿ ಭಾಷೆ ನನಗೆ ನಾಲ್ಕು ಪದ ಬರುತ್ತದೆ. ಅದರಲ್ಲಿ ಮೂರು ಕ್ಷಮೆ ಕೇಳುವುದಕ್ಕೆ. ಉಳಿದದ್ದಕ್ಕೆ ಒಬ್ಬಳು ದುಭಾಷಿ ಇದ್ದಾಳೆ. ಮೈಸೂರಿನವಳು. ಕ್ಯೋಟೋದಲ್ಲಿ ಪಿಎಚ್.ಡಿ. ಮಾಡುತ್ತಾ ವಾರಕ್ಕೆರಡು ದಿನ ರೈಲು ಹತ್ತಿ ನಮ್ಮ ಕಚೇರಿಗೆ ಬರುತ್ತಾಳೆ. ನನ್ನನ್ನು ಸರ್ ಅನ್ನುತ್ತಾಳೆ. ಸಿಟ್ಟು ಬಂದರೆ ಅಂಕಲ್ ಅನ್ನುತ್ತಾಳೆ.

ಇಲ್ಲಿ ಬರೆದಿರುವುದೆಲ್ಲ ಒಂದೇ ಕೇಸಿನ ಕಾಲದ್ದು.

ನಾಲ್ಕು ನಿಮಿಷದ ಚೀಟಿ

ಕಕ್ಷಿದಾರರು ಒಂದು ಸಣ್ಣ ಪಂಪು ಕಾರ್ಖಾನೆಯ ಯಜಮಾನರು. ಎಪ್ಪತ್ತೊಂಬತ್ತು ವರ್ಷ. ಕಂಪನಿಯ ಯಜಮಾನರನ್ನು ಇಲ್ಲಿ ಶಾಚೋ ಎನ್ನುತ್ತಾರೆ. ನಾವೂ ಹಾಗೇ ಕರೆದೆವು.

ಮೊದಲ ಭೇಟಿಗೆ ನಾಲ್ಕು ನಿಮಿಷ ತಡವಾಗಿ ಬಂದರು. ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದರು. ಒಳಗೆ ಬಂದು ಇನ್ನೊಮ್ಮೆ ಕೇಳಿದರು. ಕೂತ ಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

"ಏನಿದು?" ಎಂದೆ.

ದುಭಾಷಿ ಓದಿದಳು. "ರೈಲಿನವರು ಕೊಟ್ಟಿದ್ದು ಸರ್. ರೈಲು ತಡವಾಗಿದ್ದು ನಮ್ಮ ತಪ್ಪು, ಈ ಪ್ರಯಾಣಿಕರದಲ್ಲ ಅಂತ."

"ಇವರು ಕೇಳಿ ಬರೆಸಿಕೊಂಡರಾ?"

"ಇಲ್ಲ ಸರ್. ಗೇಟಿನ ಹತ್ತಿರ ನಿಂತು ಎಲ್ಲರಿಗೂ ಹಂಚ್ತಾರೆ."

ಚೀಟಿ ತಿರುಗಿಸಿ ನೋಡಿದೆ. ಯಾರೂ ಆರೋಪ ಮಾಡಿಲ್ಲ. ಯಾರೂ ವಿಚಾರಣೆ ಮಾಡಿಲ್ಲ. ಅಪರಾಧಿಯೇ ಗೇಟಿನಲ್ಲಿ ನಿಂತು ತಪ್ಪೊಪ್ಪಿಗೆಯನ್ನು ಅಚ್ಚು ಹಾಕಿಸಿ ಹಂಚುತ್ತಿದ್ದಾನೆ. ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದೊಂದು ದಾಖಲೆಗಾಗಿ ನಾನು ಪಟ್ಟ ಪಾಡು ನನಗೆ ಗೊತ್ತು.

ಆಮೇಲೆ ಕೇಸು ಹೇಳಿದರು. ಅವರ ತಂದೆ ಒಂದು ಉಕ್ಕಿನ ಅಚ್ಚು ಮಾಡಿದ್ದರು. ಕೈಯಾರೆ ಅರ ಹಾಕಿ ತಿದ್ದಿದ್ದು. ಕಾರ್ಖಾನೆ ಶುರುವಾದದ್ದೇ ಅದರಿಂದ. ಬಿಡಿಭಾಗ ಎರಕ ಹೊಯ್ಯಲೆಂದು ಅದನ್ನು ಬೆಂಗಳೂರಿನ ಪೀಣ್ಯದ ಒಂದು ವರ್ಕ್‌ಶಾಪಿಗೆ ಕಳಿಸಿದರು. ಬಂದ ಭಾಗಗಳು ಸರಿಯಿರಲಿಲ್ಲ. ನೀವು ಅಚ್ಚು ಕೆಡಿಸಿದಿರಿ ಎಂದು ಇವರ ಅಂದಿನ ವಕೀಲರು ನೋಟೀಸು ಕೊಟ್ಟರು. ಬಿರುಕು ಮೊದಲೇ ಇತ್ತು ಎಂದು ಪೀಣ್ಯದ ಸಾಹುಕಾರರು ಉತ್ತರ ಕೊಟ್ಟರು. ದಾವೆ ಮುಗಿಯುವವರೆಗೆ ಅಚ್ಚು ಇದ್ದಲ್ಲೇ ಇರಲಿ ಎಂದಿತು ಕೋರ್ಟು. ಹನ್ನೊಂದು ವರ್ಷದಿಂದ ಅದು ಪೀಣ್ಯದಲ್ಲೇ ಇದೆ.

"ನಿಮಗೆ ಏನು ಬೇಕು? ಪರಿಹಾರವೇ?" ಎಂದೆ.

"ಅಚ್ಚು" ಎಂದರು ಶಾಚೋ. "ಕಾರ್ಖಾನೆ ಮಗಳಿಗೆ ಬಿಟ್ಟುಕೊಡಬೇಕು. ಅಪ್ಪನ ಅಚ್ಚಿಲ್ಲದ ಕಾರ್ಖಾನೆ ಹೇಗೆ ಕೊಡಲಿ?"

ಸರಿ ಎಂದೆ. ಎದ್ದು ಹೊರಡುವಾಗ ಅವರು ಆ ನಾಲ್ಕು ನಿಮಿಷಕ್ಕೆ ಮತ್ತೆ ಕ್ಷಮೆ ಕೇಳಿದರು. ಲೆಕ್ಕ ಹಾಕಿದೆ. ಕ್ಷಮೆ ಕೇಳಿದ್ದಕ್ಕೇ ಆರು ನಿಮಿಷ ಹಿಡಿದಿತ್ತು.

ಮೊದಲ ತಪ್ಪೊಪ್ಪಿಗೆ

ಶಾಚೋ ಸಾಕ್ಷಿ ಹೇಳಬೇಕಿತ್ತು. ಬೆಂಗಳೂರಿನ ಕೋರ್ಟು ವಿಡಿಯೋದಲ್ಲಿ ಹೇಳಲು ಒಪ್ಪಿತ್ತು. ಎದುರು ವಕೀಲ ಪಾಟೀಸವಾಲು ಮಾಡುತ್ತಾನೆ. ಅಭ್ಯಾಸ ಬೇಕು. ಒಂದು ದಿನ ಕೂರಿಸಿಕೊಂಡೆ. ನಾನೇ ಎದುರು ವಕೀಲನಾದೆ.

ಹಳೆಯ ದನಿ ತೆಗೆದೆ. "ಅಚ್ಚನ್ನು ಹಡಗಿಗೆ ಹಾಕುವಾಗ ನಿಮ್ಮವರು ಸರಿಯಾಗಿ ಪ್ಯಾಕ್ ಮಾಡಲಿಲ್ಲ ಎಂದರೆ ಸರಿಯೇ?"

ದುಭಾಷಿ ಅನುವಾದಿಸಿದಳು. ಶಾಚೋ ಕಣ್ಣು ಮುಚ್ಚಿ ಯೋಚಿಸಿದರು.

"ಇನ್ನೂ ಚೆನ್ನಾಗಿ ಮಾಡಬಹುದಿತ್ತು" ಎಂದರು. "ಕ್ಷಮಿಸಿ."

"ದಾರಿಯಲ್ಲೇ ಬಿರುಕು ಬಿಟ್ಟಿರಬಹುದಲ್ಲ?"

"ಇರಬಹುದು. ನಮ್ಮ ಗಮನ ಸಾಲದು. ಕ್ಷಮಿಸಿ."

"ಪೀಣ್ಯದವರಿಗೆ ಕೊಟ್ಟ ನಕ್ಷೆಯೇ ತಪ್ಪಿತ್ತು."

ಇದು ನಾನು ಅಲ್ಲೇ ಹುಟ್ಟಿಸಿದ್ದು. ನಕ್ಷೆಯಲ್ಲಿ ಒಂದು ಗೆರೆ ತಪ್ಪಿಲ್ಲ.

"ಅವರಿಗೆ ಅರ್ಥವಾಗದಿದ್ದರೆ ಅದು ನಮ್ಮ ನಕ್ಷೆಯ ತಪ್ಪೇ" ಎಂದರು ಶಾಚೋ. ಕಣ್ಣಲ್ಲಿ ನೀರು ಬರುವ ಹಾಗಿತ್ತು.

ಕಡತ ಮುಚ್ಚಿದೆ. ದುಭಾಷಿ ಕೇಳಿದಳು, "ಏನಾಯ್ತು ಸರ್?"

"ಕೇಸು ಸೋತೆವು."

"ಅಯ್ಯೋ, ಅದು ಮರ್ಯಾದೆಗೆ ಹೇಳೋದು ಸರ್. ಇಲ್ಲಿ ಎಲ್ಲರೂ ಹಾಗೇ."

"ಬೆಂಗಳೂರಿನ ಕೋರ್ಟಿನಲ್ಲಿ ಅದನ್ನು ಟೈಪ್ ಮಾಡ್ತಾರೆ."

ಪ್ರಾಸಿಕ್ಯೂಟರ್ ಆಗಿದ್ದಷ್ಟು ಕಾಲವೂ ಒಬ್ಬ ಆರೋಪಿ ಎದ್ದು ನಿಂತು ನನ್ನದೇ ತಪ್ಪು ಅನ್ನಲಿ ಎಂದು ಕಾದಿದ್ದೆ. ಒಬ್ಬನೂ ಅನ್ನಲಿಲ್ಲ. ಕೊನೆಗೂ ಒಬ್ಬರು ಅಂದರು. ಅವರು ನನ್ನ ಕಡೆಯವರು.

ನುಗ್ಗೆಕಾಯಿ

ಆ ವಾರವೇ ನನ್ನ ಮೇಲೂ ಒಂದು ಕೇಸು ಬಿತ್ತು.

ನಮ್ಮ ಬೀದಿಯಲ್ಲಿ ಕಸ ಹಾಕಲು ದಿನಕ್ಕೊಂದು ನಿಯಮ. ಒಳಗಿರುವುದು ಕಾಣುವ ಚೀಲದಲ್ಲೇ ಹಾಕಬೇಕು. ಒಂದು ಬೆಳಿಗ್ಗೆ ಆ ವಾರದ ಮೇಲ್ವಿಚಾರಣೆಯ ಅಜ್ಜಿ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಚೀಲ. ಅದಕ್ಕೆ ಕೆಂಪು ಚೀಟಿ ಅಂಟಿತ್ತು. ಪ್ಲಾಸ್ಟಿಕ್ ಹಾಕುವ ದಿನ ಯಾರೋ ಅಡುಗೆಮನೆ ಕಸ ಸೇರಿಸಿದ್ದರು.

ಹಾಕಿದವನು ನಾನೇ. ಆದರೆ ಅದು ಬೇರೆ ವಿಷಯ.

ನನ್ನ ಹೆಂಡತಿ ಬೀದಿಯ ಹೆಂಗಸರ ಜೊತೆ ಓಡಾಡಿ ಜಪಾನಿ ಕಲಿತಿದ್ದಾಳೆ. ಅವಳಿಗೆ ಹೇಳಿದೆ. "ಈ ಚೀಲ ನಮ್ಮದು ಅನ್ನುವುದಕ್ಕೆ ಆಧಾರ ಏನು ಕೇಳು. ಹೆಸರು ಬರೆದಿದೆಯಾ? ಹಾಕಿದ್ದನ್ನು ನೋಡಿದವರು ಇದ್ದಾರಾ?"

"ರೀ, ಸುಮ್ನಿರಿ."

"ಕೇಳು."

ಕೇಳಿದಳು. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಕೈಗವಸು ಹಾಕಿಕೊಂಡರು. ಚೀಲ ಬಿಚ್ಚಿ ಎರಡು ಬೆರಳಲ್ಲಿ ಒಂದು ವಸ್ತು ಎತ್ತಿ ಹಿಡಿದರು. ಜಗಿದು ಬಿಟ್ಟ ನುಗ್ಗೆಕಾಯಿ.

ಹೆಂಡತಿ ನನ್ನ ಕಡೆ ನೋಡದೆ ಹೇಳಿದಳು. "ಇದು ಯಾವ ಗಿಡದ್ದು ಅಂತ ಬೀದಿಯ ಹದಿನಾಲ್ಕು ಮನೆಯಲ್ಲೂ ವಿಚಾರಿಸಿದ್ರಂತೆ. ಯಾರಿಗೂ ಗೊತ್ತಿಲ್ಲವಂತೆ. ನಮ್ಮದು ಹದಿನೈದನೇ ಮನೆಯಂತೆ."

ಸಾಂದರ್ಭಿಕ ಸಾಕ್ಷ್ಯದ ಸರಪಳಿ ಪೂರ್ತಿ ಕೂಡಿತ್ತು. ಒಂದು ಕೊಂಡಿ ಸಡಿಲವಿರಲಿಲ್ಲ. ಆದರೂ ವಕೀಲ ವಕೀಲನೇ. ನೋಟೀಸಿನ ಕ್ರಮ ಸರಿಯಿಲ್ಲ, ಚೀಲ ಬಿಚ್ಚುವಾಗ ಪಂಚರಿರಲಿಲ್ಲ, ಈ ತರಕಾರಿ ಮಾರುಕಟ್ಟೆಯಲ್ಲಿ ಯಾರಿಗಾದರೂ ಸಿಗುತ್ತದೆ ಎಂದು ಐದು ನಿಮಿಷ ವಾದಿಸಿದೆ. ಹೆಂಡತಿ ಅದನ್ನು ಒಂದೇ ಉಸಿರಿನಲ್ಲಿ ಅನುವಾದಿಸಿದಳು. ಅಜ್ಜಿಯ ಮುಖ ಅರಳಿತು. ನನ್ನನ್ನು ಕನಿಕರದಿಂದ ನೋಡಿ ನಮಸ್ಕರಿಸಿ ಹೋದರು.

ನನ್ನ ವಾದ ಗೆದ್ದಿತು ಎನಿಸಿತು. "ಏನಂದೆ?" ಎಂದೆ.

"ತಪ್ಪಾಯ್ತು, ಇವರಿಗೆ ವಯಸ್ಸಾಗಿದೆ ಅಂದೆ."

ನೆನಪಿಲ್ಲ

ಶಾಚೋಗೆ ಹೊಸ ಪಾಠ ಶುರು ಮಾಡಿದೆ. ಮೂರೇ ಉತ್ತರ. ಸರಿ. ಸರಿಯಲ್ಲ. ನೆನಪಿಲ್ಲ.

"ಸುಳ್ಳು ಹೇಳಬೇಡಿ" ಎಂದೆ. "ನಿಜವಾಗಿ ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ. ಊಹೆ ಬೇಡ. ಕ್ಷಮೆಯಂತೂ ಬೇಡವೇ ಬೇಡ."

ಮೂರನೆಯದು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಗೊತ್ತಿಲ್ಲ ಎಂದು ಸುಮ್ಮನಾಗುವುದು ಒರಟುತನ ಅನ್ನಿಸುತ್ತಿತ್ತು. ಮನೆಯಲ್ಲಿ ಅಭ್ಯಾಸ ಮಾಡಿ ಎಂದು ಕಳಿಸಿದೆ. ಜಪಾನಿನಲ್ಲಿ ಅಭ್ಯಾಸ ಮಾಡಿ ಎಂದರೆ ಮಾಡುತ್ತಾರೆ. ನಾನದನ್ನು ಮರೆತಿದ್ದೆ.

ಎರಡು ವಾರದ ನಂತರ ಅವರ ಮಗಳು ಫೋನ್ ಮಾಡಿದರು. ದುಭಾಷಿ ಕೇಳಿಸಿಕೊಳ್ಳುತ್ತಾ ಹೋದ ಹಾಗೆ ಅವಳ ಮುಖ ಇಳಿಯಿತು.

"ಏನಂತೆ?"

"ಅಪ್ಪನಿಗೆ ಏನೋ ಆಗಿದೆ ಅಂತಿದಾರೆ ಸರ್. ಬೆಳಿಗ್ಗೆ ಅಮ್ಮ ಕೇಳಿದ್ರಂತೆ, ಹಾಲು ತಂದ್ರಾ ಅಂತ. ನೆನಪಿಲ್ಲ ಅಂದ್ರಂತೆ. ಹಾಲು ಕೈಯಲ್ಲೇ ಇತ್ತಂತೆ."

"ಮತ್ತೆ?" ಎಂದೆ.

"ಕಾರ್ಖಾನೆಯಲ್ಲಿ ಫೋರ್‌ಮನ್ ಏನೋ ಕೇಳಿದ್ರೆ ನೆನಪಿಲ್ಲ. ಮದುವೆಯ ದಿನ ಯಾವುದು ಅಂದ್ರೆ ಅದೂ ನೆನಪಿಲ್ಲ. ಅಮ್ಮ ಎರಡು ದಿನದಿಂದ ಅಳ್ತಿದಾರಂತೆ. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರಂತೆ. ದೊಡ್ಡ ಪರೀಕ್ಷೆ ಎಲ್ಲ ಆಯ್ತಂತೆ."

"ಅವರು ಯಾಕೆ ನಿಜ ಹೇಳಲಿಲ್ಲ?"

"ನೀವು ಕೇಸಿನ ವಿಷಯ ಯಾರ ಹತ್ರವೂ ಮಾತಾಡಬೇಡಿ ಅಂದಿದ್ರಲ್ಲ, ಅಂಕಲ್."

ಮಗಳ ಹತ್ತಿರ ನಾನೇ ಮಾತಾಡಿದೆ. ಕ್ಷಮೆ ಕೇಳಲು ನನಗೆ ಬರುವ ಮೂರೂ ಪದಗಳನ್ನು ಬಳಸಿದೆ.

ಮರುದಿನ ಶಾಚೋ ಖುಷಿಯಾಗಿ ಬಂದರು. ಎರಡೂ ಕೈಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಹಿಡಿದಿದ್ದರು. ಈ ವಯಸ್ಸಿನವರಲ್ಲಿ ಇಷ್ಟು ಒಳ್ಳೆಯ ನೆನಪಿನ ಶಕ್ತಿಯನ್ನು ಕಂಡಿಲ್ಲ ಎಂದು ವೈದ್ಯರು ಬರೆದಿದ್ದರು. ಕೇಸಿಗೆ ಉಪಯೋಗವಾಗಲಿ ಎಂದು ಅದರ ಒಂದು ಪ್ರತಿಯನ್ನು ಬೆಂಗಳೂರಿನ ಕೋರ್ಟಿಗೆ ಆಗಲೇ ಕಳಿಸಿಬಿಟ್ಟಿದ್ದರು.

ಅರಿಶಿನ ಕುಂಕುಮ

ಪೀಣ್ಯದವರ ವಕೀಲ ನನ್ನ ಹಳೆಯ ಎದುರಾಳಿ. ನಾನು ಪ್ರಾಸಿಕ್ಯೂಟರ್ ಆಗಿದ್ದಾಗ ಅವನು ಆರೋಪಿಗಳ ಕಡೆ. ಬಾಯಿ ದೊಡ್ಡದು, ಮನಸ್ಸು ಕೆಟ್ಟದಲ್ಲ. ದಸರಾ ಹಬ್ಬ ಮುಗಿದ ಮೇಲೆ ಫೋನ್ ಮಾಡಿದ.

"ಏನಯ್ಯಾ, ನಿಮ್ಮ ಸಾಕ್ಷಿಯ ತಲೆ ಗಟ್ಟಿಯಾಗಿದೆ ಅಂತ ಡಾಕ್ಟರ್ ಸರ್ಟಿಫಿಕೇಟು ಕಳಿಸಿದೀಯಂತೆ? ಇನ್ನು ಒಂದು ಪ್ರಶ್ನೆಯಿಂದಲೂ ತಪ್ಪಿಸಿಕೊಳ್ಳೋ ಹಾಗಿಲ್ಲ ಬಿಡು."

"ವಿಷಯ ಹೇಳು."

"ಒಂದು ಫೋಟೋ ಕಳಿಸ್ತೀನಿ. ನೀನು ಕೋರ್ಟಿಗೆ ಹಾಕಬಾರದು."

ಫೋಟೋ ಬಂತು. ಪೀಣ್ಯದ ವರ್ಕ್‌ಶಾಪು. ಆಯುಧಪೂಜೆ. ಲೇತು, ಡ್ರಿಲ್ಲಿನ ಮಷಿನು, ಎಲ್ಲಕ್ಕೂ ಹೂವು. ನಡುವೆ ಒಂದು ಪೀಠ. ಪೀಠದ ಮೇಲೆ ನಮ್ಮ ಅಚ್ಚು. ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುತ್ತಿತ್ತು. ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ. ಮುಂದೆ ಒಡೆದ ಬೂದುಗುಂಬಳಕಾಯಿ.

"ವ್ಯಾಜ್ಯದಲ್ಲಿರುವ ವಸ್ತು" ಎಂದೆ. "ಕೋರ್ಟಿನ ಆದೇಶ ಇದೆ. ಕುಂಕುಮ ಹಚ್ಚಿದ್ದು ತಪ್ಪು."

"ನಾನೂ ಅದನ್ನೇ ಹೇಳಿದೆ ಕಣಯ್ಯಾ. ಹನ್ನೊಂದು ವರ್ಷದಿಂದ ಹಚ್ತಿದೀನಿ ಸಾರ್, ನಿಲ್ಲಿಸಿದ್ರೆ ಅದಕ್ಕೆ ಬೇಜಾರಾಗುತ್ತೆ ಅಂತಾರೆ ಸಾಹುಕಾರರು. ಈಗ ಒರೆಸೋಕೆ ಹೇಳ್ಲಾ?"

"ಬೇಡ. ಒರೆಸಿದರೆ ಸಾಕ್ಷ್ಯ ನಾಶ."

"ಹಾಗಾದ್ರೆ ಮುಂದಿನ ವರ್ಷ?"

"ಹಚ್ಚದಿದ್ದರೆ ಇದ್ದ ಸ್ಥಿತಿಯಲ್ಲಿ ಬದಲಾವಣೆ ಮಾಡಿದ ಹಾಗೆ."

ಫೋಟೋವನ್ನು ಶಾಚೋಗೆ ತೋರಿಸಿದೆ. ತುಂಬ ಹೊತ್ತು ನೋಡಿದರು. ಆ ಕುಂಬಳಕಾಯಿ ಯಾಕೆ ಎಂದು ಕೇಳಿದರು. ದೃಷ್ಟಿ ತಾಗದಿರಲಿ ಅಂತ ಎಂದು ದುಭಾಷಿ ವಿವರಿಸಿದಳು. ಅವರ ಬಾಯಿ ತೆರೆಯಿತು. ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು.

"ಕ್ಷಮೆ ಬೇಡ" ಎಂದೆ.

ಬಾಯಿ ಮುಚ್ಚಿದರು. ಬಹಳ ಕಷ್ಟಪಟ್ಟು ಮುಚ್ಚಿದರು.

ಸಾಕ್ಷಿ ಪರಾರಿ

ಸಾಕ್ಷಿಯ ದಿನ ಬಂತು. ಬೆಂಗಳೂರಿನಲ್ಲಿ ಬೆಳಿಗ್ಗೆ ಹನ್ನೊಂದೂವರೆ, ಇಲ್ಲಿ ಮಧ್ಯಾಹ್ನ ಮೂರು. ಶಾಚೋ ಕ್ಯಾಮೆರಾ ಮುಂದೆ, ಕಪ್ಪು ಕೋಟಿನಲ್ಲಿ. ಪಕ್ಕದಲ್ಲಿ ದುಭಾಷಿ. ಸಾಕ್ಷಿಗೆ ಯಾರೂ ಹೇಳಿಕೊಡಬಾರದೆಂದು ನ್ಯಾಯಾಧೀಶರು ಮೊದಲೇ ಎಚ್ಚರಿಸಿದ್ದರು. ನಾನು ಮೂಲೆಯಲ್ಲಿ, ಪರದೆಗೆ ಕಾಣುವ ಹಾಗೆ, ಕೈ ಕಟ್ಟಿ ಕೂರಬೇಕು. ಕೆಮ್ಮಲೂ ಬಾರದು.

ಎದುರು ವಕೀಲ ಎದ್ದ. "ಬಿರುಕು ಮೊದಲೇ ಇತ್ತು ಎಂದರೆ ಸರಿಯೇ?"

"ಸರಿಯಲ್ಲ."

"ಪ್ಯಾಕಿಂಗ್ ಸರಿಯಿರಲಿಲ್ಲ ಎಂದರೆ ಸರಿಯೇ?"

"ಸರಿಯಲ್ಲ."

ಇಪ್ಪತ್ತು ಪ್ರಶ್ನೆ ಹೀಗೇ ಹೋಯಿತು. ಒಂದು ಕ್ಷಮೆಯೂ ಇಲ್ಲ. ಅವರ ಹಣೆಯಲ್ಲಿ ಬೆವರು. ನನ್ನ ಎದೆ ಹಗುರವಾಯಿತು. ಉಳಿದದ್ದು ಒಂದೇ ಪ್ರಶ್ನೆ. ಎಲ್ಲ ವಕೀಲರೂ ಕೊನೆಗೆ ಒಂದು ಶಾಸ್ತ್ರಕ್ಕೆ ಕೇಳುತ್ತಾರೆ. ಎಲ್ಲ ಸಾಕ್ಷಿಗಳೂ ಸರಿಯಲ್ಲ ಅನ್ನುತ್ತಾರೆ. ಮನೆಗೆ ಹೋಗುತ್ತಾರೆ.

"ನನ್ನ ಕಕ್ಷಿದಾರರನ್ನು ಹನ್ನೊಂದು ವರ್ಷದಿಂದ ವಿನಾಕಾರಣ ಕೋರ್ಟಿಗೆ ಅಲೆಸಿದ್ದೀರಿ ಎಂದರೆ ಸರಿಯೇ?"

ದುಭಾಷಿ ಅನುವಾದಿಸಿದಳು. ಪೀಣ್ಯದವರು ಅಲ್ಲಿದ್ದಾರಾ ಎಂದು ಶಾಚೋ ಕೇಳಿದರು.

ಪೀಣ್ಯದ ಸಾಹುಕಾರರು ತಮ್ಮ ವಕೀಲನ ಪಕ್ಕದಲ್ಲಿ ಎದ್ದು ನಿಂತರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಂದೆ ಅವರು ಕೋಬೆಗೆ ಬಂದಾಗ ಕಪ್ಪಗಿತ್ತಂತೆ. ಶಾಚೋ ಆ ತಲೆಯನ್ನೇ ನೋಡಿದರು.

"ಸರಿ" ಎಂದರು.

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಶಾಚೋ ಎದ್ದು ನಿಂತರು. ಕ್ಯಾಮೆರಾ ಕೂತವರ ಮುಖಕ್ಕೆ ಹೊಂದಿಸಿದ್ದು. ಅದರಲ್ಲಿ ಈಗ ಕೋಟಿನ ಗುಂಡಿ ಮಾತ್ರ. ಆಮೇಲೆ ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಗ್ಗಿದರು. ಇಲ್ಲಿಯವರು ಮನಸ್ಸಿಟ್ಟು ಕ್ಷಮೆ ಕೇಳುವಾಗ ಬಗ್ಗುವ ರೀತಿ, ಸೊಂಟದಿಂದ ಪೂರ್ತಿ. ಪರದೆಯಲ್ಲಿ ಉಳಿದದ್ದು ಖಾಲಿ ಕುರ್ಚಿ.

"ಹಲೋ! ಹಲೋ!" ಬೆಂಚ್ ಕ್ಲರ್ಕ್ ಕೂಗಿದ. "ಮೇಡಂ, ಕನೆಕ್ಷನ್ ಹೋಯ್ತು."

"ಕುರ್ಚಿ ಕಾಣ್ತಿದೆಯಲ್ರೀ" ಎಂದರು ನ್ಯಾಯಾಧೀಶರು. "ಮೂಲೆಯಲ್ಲಿ ಆ ವಕೀಲರೂ ಕಾಣ್ತಿದಾರೆ. ಸಾಕ್ಷಿ ಎಲ್ಲಿ?"

"ಸಾಕ್ಷಿ ಪರಾರಿ, ಯುವರ್ ಆನರ್!" ಎದುರು ವಕೀಲನ ಸಂತೋಷ ಹೇಳತೀರದು. "ಪಾಟೀಸವಾಲು ತಾಳಲಾರದೆ ಪರಾರಿ! ದಯವಿಟ್ಟು ದಾಖಲಿಸಬೇಕು."

"ಸಾರ್, ಕೂತ್ಕೊಳ್ಳಿ" ಎಂದರು ಪೀಣ್ಯದ ಸಾಹುಕಾರರು, ತಮ್ಮ ವಕೀಲನಿಗೇ. ಆಮೇಲೆ ಪೀಠದ ಕಡೆ ತಿರುಗಿದರು. "ಪರಾರಿ ಅಲ್ಲ ಮೇಡಂ. ಬಗ್ಗಿದಾರೆ. ನಾನು ಅವರ ಊರಿಗೆ ಹೋದಾಗ ನೋಡಿದೀನಿ. ಪಾಪ, ಈ ವಯಸ್ಸಲ್ಲಿ ನಡು ಹಿಡ್ಕೊಂಡ್ರೆ ಏನ್ಮಾಡೋದು? ಅಚ್ಚು ತಗೊಂಡು ಹೋಗ್ಲಿ, ನಾಳೆನೇ ಕಳಿಸ್ಕೊಡ್ತೀನಿ. ಅವತ್ತು ಒಂದು ಮಾತು ಕೇಳಿದ್ರೆ ಅವತ್ತೇ ಕಳಿಸ್ತಿದ್ದೆ. ನೋಟೀಸು ಬಂತು, ನನಗೂ ಹಟ ಬಂತು."

ಇಷ್ಟು ಹೇಳಿ ಅವರೂ ಬಗ್ಗಿದರು.

ದುಭಾಷಿ ನೆಲದ ಕಡೆ ಬಾಗಿ ಶಾಚೋ ಕಿವಿಯಲ್ಲಿ ಅನುವಾದಿಸಿದಳು. ಶಾಚೋ ಇನ್ನೂ ಕೆಳಗೆ ಹೋದರು.

ಅಚ್ಚು ಈಗ ಕೋಬೆಯಲ್ಲಿದೆ. ಕಾರ್ಖಾನೆ ಮಗಳ ಕೈಯಲ್ಲಿದೆ. ಆದರೆ ಆ ದಿನ ರಾಜಿ ಬರೆಸುವುದಕ್ಕೆ ಒಂದು ತೊಡಕು ಬಂತು.

"ಸಂತೋಷ" ಎಂದರು ನ್ಯಾಯಾಧೀಶರು, ಪೀಣ್ಯದವರ ವಕೀಲನಿಗೆ. "ರಾಜಿ ದಾಖಲಿಸೋಣ. ಷರತ್ತು ಏನಾದ್ರೂ ಇದೆಯಾ, ನಿಮ್ಮ ಕಕ್ಷಿದಾರರನ್ನ ಕೇಳಿ ಹೇಳಿ ವಕೀಲರೇ."

"ಸ್ವಲ್ಪ ಕಾಲಾವಕಾಶ ಬೇಕು, ಯುವರ್ ಆನರ್."

"ಯಾಕೆ? ಪಕ್ಕದಲ್ಲೇ ಇದಾರಲ್ಲ."

"ಬಗ್ಗಿದಾರೆ, ಯುವರ್ ಆನರ್. ಎದ್ದ ಮೇಲೆ ಕೇಳ್ತೀನಿ."

"ಯಾವಾಗ ಏಳ್ತಾರೆ?"

ವಕೀಲ ಬಗ್ಗಿ ವಿಚಾರಿಸಿದ. ಎದ್ದ. "ಹಿರಿಯರು ಮೊದಲು ಏಳಲಿ ಅಂತಾರೆ, ಯುವರ್ ಆನರ್."

ನ್ಯಾಯಾಧೀಶರು ಪರದೆಯ ಕಡೆ ನೋಡಿದರು. "ಏನಮ್ಮಾ, ನಿಮ್ಮ ಕಡೆಯವರು?"

ದುಭಾಷಿ ಕೆಳಗೆ ಬಾಗಿ ಕೇಳಿದಳು. ಮೇಲೆ ಬಂದಳು. "ತಪ್ಪು ಮಾಡಿದವನು ಮೊದಲು ಏಳೋ ಹಾಗಿಲ್ಲವಂತೆ, ಮೇಡಂ."

ಇಲ್ಲಿ ಖಾಲಿ ಕುರ್ಚಿ, ಅಲ್ಲಿ ಮೇಜಿನ ಅಂಚಿನಲ್ಲಿ ಒಂದು ಬಿಳಿ ತಲೆಯ ಹಿಂಭಾಗ. ನ್ಯಾಯಾಧೀಶರು ಗಡಿಯಾರ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಗಡಿಯಾರ ನೋಡಿದರು.

"ಮುಂದಿನ ಕೇಸು ಕೂಗ್ರೀ" ಎಂದರು ಕ್ಲರ್ಕಿಗೆ. "ಇವರಲ್ಲಿ ಯಾರಾದ್ರೂ ಎದ್ರೆ ಹೇಳಿ."